ಲೆಕ್ಕದ ಫೋಲ್ಡರ್ ಕಾಣದಾದಾಗ: ಫೈರ್‌ವಾಲ್ ದೋಷ ಹುಡುಕುವ ಬಗೆ

ಕಲಬುರಗಿಯ ನೆಹರು ಗಂಜಿನಲ್ಲಿ ಜನವರಿ ಎಂದರೆ ಹೊಸ ತೊಗರಿಯ ಕಾಲ. ಹಮಾಲರಿಗೆ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ, ಮುನೀಮರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅಂಥ ಒಂದು ಬೆಳಿಗ್ಗೆ ಅಡತಿ ಅಂಗಡಿಯೊಂದರ ಸಾಹುಕಾರರು ಫೋನ್ ಮಾಡಿದರು. “ಲೆಕ್ಕ ತೆರೆಯುತ್ತಿಲ್ಲ, ಪ್ರಿಂಟ್ ಬರುತ್ತಿಲ್ಲ, ಹೊರಗೆ ಲಾರಿ ನಿಂತಿದೆ. ಫೈರ್‌ವಾಲ್ ಕೂಡ ಆಫ್ ಮಾಡಿಸಿ ನೋಡಿದೆವು ರೀ, ಏನೂ ಆಗಲಿಲ್ಲ.”

ಆ ಕೊನೆಯ ಮಾತು ಕೇಳಿ ಸುಸಲಾ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಫೈರ್‌ವಾಲ್ ಎಂದರೆ ನೆಟ್‌ವರ್ಕಿನಿಂದ ಬರುವವರಲ್ಲಿ ಯಾರನ್ನು ಒಳಗೆ ಬಿಡಬೇಕು ಎಂದು ನೋಡುವ ಕಂಪ್ಯೂಟರಿನ ಕಾವಲುಗಾರ. ಅದನ್ನು ಆಫ್ ಮಾಡಿ ನೋಡಿದವರು ಸಿಗುತ್ತಲೇ ಇರುತ್ತಾರೆ, ಅದನ್ನು ಮತ್ತೆ ಆನ್ ಮಾಡಿದವರು ಮಾತ್ರ ಅಪರೂಪ.

ಅಂಗಡಿಯಲ್ಲಿ ಮೂರು ಕಂಪ್ಯೂಟರ್‌ಗಳಿವೆ. ಒಳಕೋಣೆಯಲ್ಲಿ ಮುನೀಮರದು; ಲೆಕ್ಕದ ಕಡತಗಳೆಲ್ಲ ಅದರಲ್ಲಿ. ಗಾದಿಯ ಪಕ್ಕ ಸಾಹುಕಾರರದು. ತೂಕದ ಕಾಂಟಾದ ಹತ್ತಿರ ಬಿಲ್ಲಿಂಗ್ ಹುಡುಗನದು, ಜೊತೆಗೆ ನೆಟ್‌ವರ್ಕ್ ಪ್ರಿಂಟರ್. ಹಿಂದಿನ ಸಂಜೆ ಇಂಟರ್‌ನೆಟ್ ಸಂಪರ್ಕ ಬದಲಾಗಿ ಹೊಸ ರೌಟರ್ ಬಂದಿತ್ತು. ಈ ಸಂಗತಿಯನ್ನು ಯಾರೂ ತಾವಾಗಿ ಹೇಳಲಿಲ್ಲ. “ನಿನ್ನೆಯಿಂದ ಇಂದಿಗೆ ಏನು ಬದಲಾಯಿತು?” ಎಂದು ಮೂರು ಸಲ ಕೇಳಿದ ಮೇಲೆ ಬಿಲ್ಲಿಂಗ್ ಹುಡುಗ ಗೋಡೆಯತ್ತ ಬೆರಳು ತೋರಿಸಿದ.

ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ಮೂರೂ ಯಂತ್ರಗಳಲ್ಲಿ ಇಂಟರ್‌ನೆಟ್ ಚೆನ್ನಾಗಿಯೇ ನಡೆಯುತ್ತಿತ್ತು. ಇ-ಟೆಂಡರ್ ಪುಟ ತೆರೆಯುತ್ತಿತ್ತು, ವಾಟ್ಸ್‌ಆ್ಯಪ್‌ನಲ್ಲಿ ಧಾರಣೆ ಬರುತ್ತಿತ್ತು. ಆದರೆ ಹತ್ತು ಅಡಿ ದೂರದ ಮುನೀಮರ ಯಂತ್ರ ಮಾತ್ರ ಸಿಗುತ್ತಿರಲಿಲ್ಲ. ಈ ಒಂದು ಲಕ್ಷಣದಿಂದಲೇ ಅರ್ಧ ದಾರಿ ಸ್ಪಷ್ಟವಾಗುತ್ತದೆ. ವಿಂಡೋಸ್ ಫೈರ್‌ವಾಲ್ ತಾನಾಗಿ ಪಾಲಿಸುವ ಪದ್ಧತಿ ಇಷ್ಟೇ: ನಮ್ಮ ಯಂತ್ರದಿಂದ ಹೊರಟದ್ದನ್ನು ಹೋಗಲು ಬಿಡುತ್ತದೆ, ಅದಕ್ಕೆ ಬರುವ ಉತ್ತರವನ್ನು ನೆನಪಿಟ್ಟುಕೊಂಡು ಒಳಗೆ ಬಿಡುತ್ತದೆ, ಕರೆಯದೇ ಬಂದದ್ದನ್ನು, ಅನುಮತಿ ಕೊಡುವ ನಿಯಮ ಇಲ್ಲದಿದ್ದರೆ, ಸದ್ದಿಲ್ಲದೆ ಕೈಬಿಡುತ್ತದೆ. ಹಾಗಾಗಿ ಹೊರಗಿನದೆಲ್ಲ ಸಿಕ್ಕು ಪಕ್ಕದ ಕೋಣೆ ಸಿಗದಿದ್ದರೆ, ಯಾವ ಯಂತ್ರ ಕರೆಯನ್ನು ಸ್ವೀಕರಿಸಬೇಕೋ ಅಲ್ಲಿಯ ಫೈರ್‌ವಾಲ್ ಮೇಲೆ ಅನುಮಾನ ಪಡಬೇಕು.

ಪಕ್ಕದ ಅಂಗಡಿಯ ಹುಡುಗ ಎಡವಿದ್ದೇ ಇಲ್ಲಿ. ಅವನು ಬಿಲ್ಲಿಂಗ್ ಕಂಪ್ಯೂಟರಿನ ಫೈರ್‌ವಾಲ್ ಆಫ್ ಮಾಡಿದ್ದ. ತಪ್ಪು ಸಂದೇಶ ಕಾಣುತ್ತಿದ್ದದ್ದು ಅಲ್ಲಿ ತಾನೇ! ಆದರೆ ಬಾಗಿಲು ಹಾಕಿದ್ದದ್ದು ಮುನೀಮರ ಯಂತ್ರದಲ್ಲಿ. ಹೋಗುವವನ ಮನೆಯ ಚಿಲಕ ತೆಗೆದರೆ ಬೀಗರ ಮನೆಯ ಬಾಗಿಲು ತೆರೆದೀತೇ? ಅವನ ಪ್ರಯೋಗದಿಂದ ಏನೂ ತಿಳಿಯಲಿಲ್ಲ, ಇಂಟರ್‌ನೆಟ್‌ಗೆ ಜೋಡಿಸಿದ ಒಂದು ಯಂತ್ರ ಕಾವಲಿಲ್ಲದೆ ಉಳಿಯಿತು. ಅದನ್ನು ಮೊದಲು ಆನ್ ಮಾಡಿ ಮುಂದಕ್ಕೆ ಹೋದೆ.

ಮುಂದಿನ ಪರೀಕ್ಷೆಗಳಿಗೆ ಕಮಾಂಡ್ ಪ್ರಾಂಪ್ಟ್ ಮತ್ತು ಪವರ್‌ಶೆಲ್ ಸಾಕು. ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು.

ಐಪಿಕಾನ್ಫಿಗ್ ಆದೇಶ ಕೊಟ್ಟಾಗ ಮುನೀಮರ ಯಂತ್ರಕ್ಕೆ 192.168.1.3, ಬಿಲ್ಲಿಂಗ್ ಯಂತ್ರಕ್ಕೆ 192.168.1.5 ಎಂಬ ವಿಳಾಸ ಕಂಡಿತು. ಚುಕ್ಕೆಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿದ್ದರಿಂದ ಇಬ್ಬರೂ ಒಂದೇ ಓಣಿಯವರು. ನಿಮ್ಮಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಆ ಯಂತ್ರಕ್ಕೆ ರೌಟರ್ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ; ಆಗ ಫೈರ್‌ವಾಲನ್ನು ಬಿಟ್ಟು ತಂತಿಯನ್ನೋ ವೈಫೈಯನ್ನೋ ನೋಡಿ. ಒಬ್ಬರು ಮುಖ್ಯ ವೈಫೈ, ಇನ್ನೊಬ್ಬರು ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈ ಹಿಡಿದಿದ್ದರೂ ಹೀಗೇ ಆಗುತ್ತದೆ. ಗೆಸ್ಟ್ ವೈಫೈಯ ಕೆಲಸವೇ ಒಬ್ಬರಿಗೊಬ್ಬರನ್ನು ಕಾಣದಂತೆ ಮಾಡುವುದು.

ನಂತರ ಬಿಲ್ಲಿಂಗ್ ಯಂತ್ರದಿಂದ 192.168.1.3ಕ್ಕೆ ಪಿಂಗ್ ಮಾಡಿದೆ, ಅಂದರೆ “ಇದ್ದೀಯಾ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಇಲ್ಲಿ ಬಹಳ ಜನ “ಯಂತ್ರವೇ ಸತ್ತಿದೆ, ಕೇಬಲ್ ಹೋಗಿದೆ” ಎಂದು ತೀರ್ಮಾನಿಸುತ್ತಾರೆ. ಪಿಂಗ್‌ಗೆ ಉತ್ತರಿಸಬೇಡ ಎಂದು ಫೈರ್‌ವಾಲ್ ತಡೆದಿರಬಹುದು, ಆದ್ದರಿಂದ ಪಿಂಗ್ ಬಂದರೆ ಸಾಕ್ಷಿ, ಬಾರದಿದ್ದರೆ ಸಾಕ್ಷಿಯಲ್ಲ. ಅದೇ ಕಿಟಕಿಯಲ್ಲಿ ತಕ್ಷಣ ಎಆರ್‌ಪಿ ಆದೇಶವನ್ನು ಮೈನಸ್ ಎ ಆಯ್ಕೆಯೊಂದಿಗೆ ಕೊಟ್ಟೆ. ಪಟ್ಟಿಯಲ್ಲಿ 192.168.1.3ರ ಮುಂದೆ ಮುನೀಮರ ನೆಟ್‌ವರ್ಕ್ ಕಾರ್ಡಿನ ಆರು ಜೋಡಿ ಅಕ್ಷರಗಳ ಯಂತ್ರಸಂಖ್ಯೆ ಬಂದಿತ್ತು. ನನಗೆ ಈ ಪರೀಕ್ಷೆ ಎಂದರೆ ಬಲು ಇಷ್ಟ. ಪಿಂಗ್ ಹೊರಡುವ ಮೊದಲು ನಮ್ಮ ಯಂತ್ರ “192.168.1.3 ಯಾರು?” ಎಂದು ಓಣಿಯಲ್ಲಿ ಕೂಗುತ್ತದೆ; ಆ ಕೂಗು ಫೈರ್‌ವಾಲ್‌ಗಿಂತ ಕೆಳಗಿನ ಪದರದಲ್ಲಿ ನಡೆಯುವುದರಿಂದ ಫೈರ್‌ವಾಲ್ ಅದನ್ನು ತಡೆಯುವುದಿಲ್ಲ. ಕೂಗಿಗೆ ಓಗೊಟ್ಟು ಪಿಂಗ್‌ಗೆ ಸುಮ್ಮನಿದ್ದರೆ ಯಂತ್ರ ಬದುಕಿದೆ, ತಂತಿ ಸರಿಯಿದೆ, ಒಳಗೆ ಯಾರೋ ತಡೆಯುತ್ತಿದ್ದಾರೆ. ಎರಡೇ ಆದೇಶಗಳಲ್ಲಿ ಕೇಬಲ್ ಬದಲಿಸುವ ಖರ್ಚು ಉಳಿಯಿತು.

ಇನ್ನು ಬಾಗಿಲನ್ನೇ ತಟ್ಟಬೇಕು. ಪೋರ್ಟ್ ಎಂದರೆ ಯಂತ್ರದ ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲು; ಟಿಸಿಪಿ, ಯುಡಿಪಿ ಎಂಬವು ಆ ಬಾಗಿಲಲ್ಲಿ ಮಾತಾಡುವ ಎರಡು ಬಗೆಗಳು. ವಿಂಡೋಸ್‌ನಲ್ಲಿ ಹಂಚಿದ ಫೋಲ್ಡರ್ ಟಿಸಿಪಿ 445ನೇ ಪೋರ್ಟಿನಲ್ಲಿ ಕಾಯುತ್ತದೆ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆದೇಶಕ್ಕೆ ವಿಳಾಸವನ್ನೂ 445 ಎಂಬ ಪೋರ್ಟನ್ನೂ ಕೊಟ್ಟೆ. ಸುಮಾರು ಇಪ್ಪತ್ತು ಸೆಕೆಂಡು ಸುಮ್ಮನಿದ್ದು ಕೊನೆಗೆ “ಫಾಲ್ಸ್” ಎಂದಿತು. ಈ ತಡ ಗಮನಿಸಬೇಕಾದದ್ದು. ಫೈರ್‌ವಾಲ್ ಇಲ್ಲದ ಯಂತ್ರದ ಮುಚ್ಚಿದ ಪೋರ್ಟನ್ನು ತಟ್ಟಿದರೆ “ಇಲ್ಲಿ ಯಾರೂ ಇಲ್ಲ” ಎಂದು ನಿರಾಕರಣೆಯ ಉತ್ತರ ಬೇಗ ಬರುತ್ತದೆ. ಫೈರ್‌ವಾಲ್ ಇದ್ದರೆ ಬಂದ ಪ್ಯಾಕೆಟ್ (ಮಾಹಿತಿಯ ತುಣುಕು) ಕೈಬಿಟ್ಟು ಸುಮ್ಮನಾಗುತ್ತದೆ, ಕೇಳಿದವನು ಕಾದು ಕಾದು ಸುಸ್ತಾಗುತ್ತಾನೆ.

ಆದರೆ ಇದನ್ನು ಪೂರ್ತಿ ನಂಬಿ ಕೂರಬಾರದು. ವಿಂಡೋಸ್ ಫೈರ್‌ವಾಲ್ ಆನ್ ಇದ್ದಾಗ, ಆ ಪೋರ್ಟಿನಲ್ಲಿ ಯಾವ ಪ್ರೋಗ್ರಾಂ ಕೂಡ ಕಾಯುತ್ತಿಲ್ಲದಿದ್ದರೂ ನಿರಾಕರಣೆಯ ಉತ್ತರ ಹೊರಹೋಗದಂತೆ ಅದು ತಡೆಯುತ್ತದೆ. ಅಂದರೆ ಸರ್ವರ್ ಪ್ರೋಗ್ರಾಂ ಬಿದ್ದುಹೋಗಿದ್ದರೂ ಹೊರಗಿನಿಂದ ನೋಡುವವನಿಗೆ ಅದೇ ಮೌನ. ಆದ್ದರಿಂದ ಮುನೀಮರ ಯಂತ್ರದ ಮುಂದೆ ಕುಳಿತು ನೆಟ್‌ಸ್ಟ್ಯಾಟ್ ಆದೇಶವನ್ನು ಎ, ಎನ್, ಒ ಆಯ್ಕೆಗಳೊಂದಿಗೆ ಕೊಟ್ಟು, 445ರ ಮುಂದೆ “ಲಿಸನಿಂಗ್” ಎಂದಿದೆಯೇ ನೋಡಬೇಕು. ಇತ್ತು. ಕಾಯುವವನು ಕಾಯುತ್ತಿದ್ದಾನೆ, ಬರುವವನು ಬರುತ್ತಿದ್ದಾನೆ, ನಡುವೆ ಬಾಗಿಲು ಹಾಕಿದೆ. ಈಗ ಮಾತ್ರ ಫೈರ್‌ವಾಲ್ ಎಂದು ಬಾಯಿಬಿಟ್ಟು ಹೇಳಬಹುದು.

ಹೊಸ ರೌಟರ್ ಎಂದರೆ ಹೊಸ ಊರು

ವಿಂಡೋಸ್ ಪ್ರತಿ ನೆಟ್‌ವರ್ಕಿಗೂ ಒಂದು ಪ್ರೊಫೈಲ್ ಹಚ್ಚುತ್ತದೆ: ಡೊಮೇನ್, ಪ್ರೈವೇಟ್, ಪಬ್ಲಿಕ್. ಪ್ರೈವೇಟ್ ಎಂದರೆ ಮನೆಯವರು, ಅಂಗಡಿಯವರು. ಪಬ್ಲಿಕ್ ಎಂದರೆ ಬಸ್ ನಿಲ್ದಾಣ, ಲಾಡ್ಜ್, ಯಾರದೋ ಹಾಟ್‌ಸ್ಪಾಟ್. ಹಳೆಯ ರೌಟರ್ ಪ್ರೈವೇಟ್ ಎಂದು ನಮೂದಾಗಿತ್ತು. ರೌಟರ್ ಬದಲಾದ ಕೂಡಲೇ ವಿಂಡೋಸ್‌ಗೆ ಅದು ಪರಿಚಯವಿಲ್ಲದ ಊರಾಯಿತು. ಮುನೀಮರು ಬೆಳಿಗ್ಗೆ ಪರದೆಯ ಬದಿಯಲ್ಲಿ ಬಂದ ಪ್ರಶ್ನೆಗೆ “ನೋ” ಒತ್ತಿ ಮುಚ್ಚಿದ್ದರಂತೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಬೇಡ ಎನ್ನುವವನು ನನ್ನ ಕಣ್ಣಿಗೆ ಬುದ್ಧಿವಂತನೇ. ಫೈರ್‌ವಾಲ್ ಕೂಡ ಮಾಡಬೇಕಾದದ್ದನ್ನೇ ಮಾಡಿತ್ತು. ಗುರುತಿಲ್ಲದ ಊರಿನಲ್ಲಿ ಲೆಕ್ಕದ ಪುಸ್ತಕ ಬಿಚ್ಚಿಡಬಾರದು ಎಂಬ ವಿವೇಕ ಅದಕ್ಕಿತ್ತು.

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್ ತೆರೆದು, ಈಗಿನ ಸಂಪರ್ಕದ ಪ್ರಾಪರ್ಟೀಸ್‌ಗೆ ಹೋಗಿ ಪ್ರೈವೇಟ್ ಆರಿಸಿದೆ. ಬಿಲ್ಲಿಂಗ್ ಹುಡುಗ ಅಲ್ಲಿಂದಲೇ “ಫೋಲ್ಡರ್ ಬಂತು!” ಎಂದು ಕೂಗಿದ. ಸಾಹುಕಾರರು ಚಹಾ ತರಿಸಿದರು.

ಚಹಾ ಕುಡಿದು ಮುಗಿಯುವಷ್ಟರಲ್ಲಿ ಮತ್ತೆ ಕೂಗು. ಫೋಲ್ಡರ್ ಕಾಣುತ್ತದೆ, ಆದರೆ ಲೆಕ್ಕದ ತಂತ್ರಾಂಶ “ಪರವಾನಗಿ ಸಿಗುತ್ತಿಲ್ಲ” ಎಂದು ಹೇಳಿ ಮುಚ್ಚಿಕೊಳ್ಳುತ್ತಿದೆ. ಪ್ರಿಂಟರ್ ಇನ್ನೂ ಮಲಗಿಯೇ ಇದೆ.

ಊಹೆ ಬಿಟ್ಟು ಲಾಗ್ ಓದಿ

ಒಂದು ದೋಷ ಸಿಕ್ಕಿದ ಮೇಲೆ ಎರಡನೆಯದಕ್ಕೂ ಅದೇ ಔಷಧ ಹಚ್ಚುವುದು ನಮ್ಮ ಕಸುಬಿನ ಹಳೆಯ ಚಟ. ಅದನ್ನು ಬಿಡಿಸುವುದು ಲಾಗ್, ಅಂದರೆ ಫೈರ್‌ವಾಲ್ ತಾನು ಮಾಡಿದ್ದನ್ನು ಬರೆದಿಡುವ ಕಡತ. ವಿಂಡೋಸ್ ಇದನ್ನು ತಾನಾಗಿ ಬರೆಯುವುದಿಲ್ಲ, ನಾವು ಹೇಳಬೇಕು. ರನ್ ಪೆಟ್ಟಿಗೆಯಲ್ಲಿ ಡಬ್ಲ್ಯುಎಫ್ ಡಾಟ್ ಎಂಎಸ್‌ಸಿ ಎಂದು ಕೊಟ್ಟರೆ ಫೈರ್‌ವಾಲಿನ ದೊಡ್ಡ ಕಿಟಕಿ ತೆರೆಯುತ್ತದೆ. ಅಲ್ಲಿ ಪ್ರಾಪರ್ಟೀಸ್, ನಿಮ್ಮ ಪ್ರೊಫೈಲಿನ ಪುಟ, ಲಾಗಿಂಗ್ ಎಂಬಲ್ಲಿ ಕೈಬಿಟ್ಟ ಪ್ಯಾಕೆಟ್‌ಗಳನ್ನು ಬರೆಯುವ ಆಯ್ಕೆಗೆ “ಯೆಸ್” ಕೊಡಿ. ಕಡತದ ಗಾತ್ರಕ್ಕೆ 4096 ಕಿಲೋಬೈಟ್ ಎಂಬ ಮಿತಿ ಮೊದಲೇ ಇರುತ್ತದೆ. ಒಂದು ದಿನದ ಪತ್ತೇದಾರಿಕೆಗೆ ಅದು ಧಾರಾಳ.

ಲಾಗ್ ತೆರೆದವರು ಮೊದಲ ಸಲ ಗಾಬರಿಯಾಗುತ್ತಾರೆ, ಏಕೆಂದರೆ ಸಾಲುಸಾಲಾಗಿ “ಡ್ರಾಪ್” ಎಂದಿರುತ್ತದೆ. ಅದರಲ್ಲಿ ಹೆಚ್ಚಿನದು ಓಣಿಯ ಗದ್ದಲ. ಟಿವಿ “ನಾನಿದ್ದೇನೆ” ಎನ್ನುತ್ತದೆ, ಫೋನ್ “ಪ್ರಿಂಟರ್ ಇದೆಯೇ” ಎನ್ನುತ್ತದೆ, ಯಾವುದೋ ಯಂತ್ರ 255ರಲ್ಲಿ ಮುಗಿಯುವ ವಿಳಾಸಕ್ಕೆ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ದಾಳಿಯ ಮಾತು ಇಲ್ಲಿಲ್ಲ. ನಿಮಗೆ ಬೇಕಾದ ಯಂತ್ರದ ವಿಳಾಸವನ್ನು ಹುಡುಕಿ, ಉಳಿದದ್ದನ್ನು ಬಿಡಿ. ನಾನು 192.168.1.5 ಎಂದು ಹುಡುಕಿದೆ. ಹುಡುಗನಿಗೆ ತಂತ್ರಾಂಶ ತೆರೆಯಲು ಹೇಳಿದ ಕ್ಷಣಕ್ಕೆ ಸರಿಯಾಗಿ ಸಾಲು ಬಿತ್ತು: ಡ್ರಾಪ್, ಟಿಸಿಪಿ, 192.168.1.5, 192.168.1.3, 51844, 9999. ಓದುವ ಕ್ರಮ ಸರಳ. ಏನು ಮಾಡಿತು, ಯಾವ ಬಗೆ, ಯಾರಿಂದ, ಯಾರಿಗೆ, ಹೊರಟವನ ಪೋರ್ಟ್, ತಲುಪಬೇಕಾದ ಪೋರ್ಟ್. ಕೊನೆಯ ಸಂಖ್ಯೆಯೇ ಮುಖ್ಯ. 9999ರಲ್ಲಿ ಆ ತಂತ್ರಾಂಶದ ಪರವಾನಗಿ ಸೇವೆ ಕಾಯುತ್ತದೆ. 51844 ಪ್ರತಿ ಸಲವೂ ಬದಲಾಗುವ ತಾತ್ಕಾಲಿಕ ಸಂಖ್ಯೆ, ಅದಕ್ಕೆ ನಿಯಮ ಬರೆಯಲು ಹೋಗಬೇಡಿ. ಹಾಗೆ ಬರೆದು ಮರುದಿನ ನನಗೆ ಫೋನ್ ಮಾಡಿದವರಿದ್ದಾರೆ.

9999ಕ್ಕೆ ಅನುಮತಿಯ ನಿಯಮ ಮೊದಲೇ ಇತ್ತು. ಹಸಿರು ಗುರುತೂ ಇತ್ತು. ಆದರೂ ಡ್ರಾಪ್! ನಿಯಮ ಬಿಚ್ಚಿ ಸ್ಕೋಪ್ ಪುಟ ನೋಡಿದೆ: ಯಾರಿಂದ ಬಂದರೆ ಬಿಡಬೇಕು ಎಂಬಲ್ಲಿ 192.168.0.1ರಿಂದ 192.168.0.254 ಎಂದು ಬರೆದಿತ್ತು. ಹಳೆಯ ರೌಟರ್ ಹಂಚುತ್ತಿದ್ದ ವಿಳಾಸಗಳು ಅವು. ಹೊಸದು 192.168.1 ಎಂದು ಹಂಚುತ್ತದೆ. ನಿಯಮ ಹಳೆಯ ಓಣಿಯವರಿಗಾಗಿ ಬಾಗಿಲು ತೆರೆದು ಕಾಯುತ್ತಿತ್ತು. ಆ ನಿಯಮ ಬರೆದವನು ಯಾರೆಂದು ಸಾಹುಕಾರರು ಕೇಳಿದರು. ಹಿಂದಿನ ವರ್ಷ ನಾನೇ ಬರೆದದ್ದು. ಅಲ್ಲಿ “ಲೋಕಲ್ ಸಬ್‌ನೆಟ್” ಎಂಬ ಆಯ್ಕೆ ಹಾಕಿದ್ದರೆ ವಿಳಾಸ ಬದಲಾದರೂ “ಇದೇ ಓಣಿಯವರು” ಎಂದು ನಿಯಮ ತಾನೇ ಅರ್ಥ ಮಾಡಿಕೊಳ್ಳುತ್ತಿತ್ತು. ವಿಂಡೋಸ್ ತನ್ನದೇ ಫೈಲ್ ಹಂಚಿಕೆಯ ನಿಯಮಕ್ಕೆ ಪ್ರೈವೇಟ್ ಪ್ರೊಫೈಲಿನಲ್ಲಿ ಅದನ್ನೇ ಬಳಸುತ್ತದೆ. ಅದಕ್ಕೇ ಫೋಲ್ಡರ್ ಬೇಗ ಬಂದದ್ದು, ನನ್ನ ಜಾಣತನದ ನಿಯಮ ಕೈಕೊಟ್ಟದ್ದು. ತಿದ್ದಿದೆ. ಲೆಕ್ಕ ತೆರೆಯಿತು. ಆ ದಿನದ ಕೂಲಿಯಲ್ಲಿ ಅರ್ಧವನ್ನು ನಾನೇ ಬಿಟ್ಟುಕೊಟ್ಟೆ.

ಪ್ರಿಂಟರಿನ ಕಥೆ ಬೇರೆ. ಯಂತ್ರದಿಂದ ಪ್ರಿಂಟರಿಗೆ ಹೋಗುವುದು ಹೊರಮುಖದ ಸಂಪರ್ಕ, ಸಾಮಾನ್ಯವಾಗಿ 9100ನೇ ಪೋರ್ಟಿಗೆ. ಹೊರಹೋಗುವುದನ್ನು ವಿಂಡೋಸ್ ತಡೆಯುವುದಿಲ್ಲವಾದ್ದರಿಂದ ಮುದ್ರಣಕ್ಕೆ ಫೈರ್‌ವಾಲ್ ಅಡ್ಡಿಯಾಗುವುದು ಬಲು ಕಡಿಮೆ. ಪ್ರಿಂಟರಿನ ಪುಟ್ಟ ಪರದೆಯಲ್ಲಿ ವಿಳಾಸ ನೋಡಿದರೆ 192.168.0.50! ಯಾರೋ ಕೈಯಿಂದ ಹಾಕಿಟ್ಟದ್ದು. ಅದು ಹಳೆಯ ಓಣಿಯಲ್ಲೇ ಉಳಿದಿತ್ತು. ವಿಳಾಸ ಬದಲಿಸಿ, ಕಂಪ್ಯೂಟರಿನಲ್ಲಿ ಪ್ರಿಂಟರ್ ಪೋರ್ಟನ್ನೂ ಬದಲಿಸಿದ ಮೇಲೆ ಬಿಲ್ ಹೊರಬಂತು, ಲಾರಿ ಹೊರಟಿತು. ಇದೇ ಪ್ರಿಂಟರಿನಲ್ಲಿ ಸ್ಕ್ಯಾನ್ ಮಾಡಿ ನೇರವಾಗಿ ಕಂಪ್ಯೂಟರಿನ ಫೋಲ್ಡರಿಗೆ ಕಳುಹಿಸುವಾಗ ಮಾತ್ರ ದಿಕ್ಕು ತಿರುಗುತ್ತದೆ: ಪ್ರಿಂಟರ್ ಕಂಪ್ಯೂಟರನ್ನು ಕರೆಯುತ್ತದೆ, ಫೈರ್‌ವಾಲಿಗೆ ಕೆಲಸ ಬೀಳುತ್ತದೆ. “ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಬರುವುದಿಲ್ಲ” ಎಂಬ ದೂರಿಗೆ ಫೈರ್‌ವಾಲಿನಿಂದ ಶುರು ಮಾಡಿ, “ಸ್ಕ್ಯಾನ್ ಬರುತ್ತದೆ, ಪ್ರಿಂಟ್ ಬರುವುದಿಲ್ಲ” ಎಂಬ ದೂರಿಗೆ ಪ್ರಿಂಟರಿನಿಂದ.

ಕ್ಯಾನ್ಸಲ್ ಒತ್ತಿದ ಬೆರಳು

ಬೀದರಿನ ಫೋಟೊ ಸ್ಟುಡಿಯೋ ಒಂದರಲ್ಲಿ ಕಂಡ ದೋಷವನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಇದು ಪದೇ ಪದೇ ಬರುತ್ತದೆ. ಕ್ಯಾಮೆರಾದಿಂದ ವೈಫೈ ಮೂಲಕ ಚಿತ್ರ ಪಡೆಯುವ ಪ್ರೋಗ್ರಾಂ ಹಾಕಿದ್ದರು. ಮೊದಲ ಸಲ ತೆರೆದಾಗ ವಿಂಡೋಸ್ “ಇದಕ್ಕೆ ಅನುಮತಿ ಕೊಡಲೇ?” ಎಂದು ಕೇಳಿದೆ. ಮದುವೆಯ ಆಲ್ಬಂ ಗಡಿಬಿಡಿಯಲ್ಲಿದ್ದ ಹುಡುಗ ಕ್ಯಾನ್ಸಲ್ ಒತ್ತಿದ್ದಾನೆ. ಕ್ಯಾನ್ಸಲ್ ಎಂದರೆ “ಆಮೇಲೆ ನೋಡೋಣ” ಎಂದು ನಾವು ತಿಳಿಯುತ್ತೇವೆ. ವಿಂಡೋಸ್ ಹಾಗೆ ತಿಳಿಯುವುದಿಲ್ಲ. ಆ ಪ್ರೋಗ್ರಾಂ ಹೆಸರಿನಲ್ಲಿ ಟಿಸಿಪಿಗೆ ಒಂದು, ಯುಡಿಪಿಗೆ ಒಂದು ಎಂದು ಎರಡು ತಡೆ ನಿಯಮಗಳನ್ನು ಬರೆದಿಡುತ್ತದೆ, ಮತ್ತೆ ಕೇಳುವುದೇ ಇಲ್ಲ. ಅಡ್ಮಿನ್ ಅಧಿಕಾರವಿಲ್ಲದ ಖಾತೆಯಲ್ಲಿ ಕುಳಿತವರು “ಅಲೋ” ಒತ್ತಲು ಹೋಗಿ ಪಾಸ್‌ವರ್ಡ್ ಗೊತ್ತಿಲ್ಲದೆ ಮುಚ್ಚಿದರೂ ಅದೇ ಗತಿ.

ನಾನು ಹೋಗುವಷ್ಟರಲ್ಲಿ ಅವರು ಅದೇ ಪ್ರೋಗ್ರಾಂಗೆ ನಾಲ್ಕು ಅನುಮತಿ ನಿಯಮಗಳನ್ನು ಸೇರಿಸಿದ್ದರು. ನಲವತ್ತು ಸೇರಿಸಿದರೂ ಉಪಯೋಗವಿಲ್ಲ, ಏಕೆಂದರೆ ತಡೆ ನಿಯಮ ಅನುಮತಿ ನಿಯಮಕ್ಕಿಂತ ಮೇಲು. ಒಳಬರುವ ನಿಯಮಗಳ ಪಟ್ಟಿಯಲ್ಲಿ ಕೆಂಪು ಗುರುತಿನವನ್ನು ಹುಡುಕಿ ಅಳಿಸಿದ ಮೇಲೆ ಒಂದೇ ಅನುಮತಿ ಸಾಕಾಯಿತು. ಹಾಗೆಯೇ ವಿಂಡೋಸ್ ಸೆಕ್ಯುರಿಟಿಯಲ್ಲಿ “ಅನುಮತಿ ಪಟ್ಟಿಯಲ್ಲಿರುವವನ್ನೂ ಸೇರಿಸಿ ಒಳಬರುವ ಎಲ್ಲವನ್ನೂ ತಡೆ” ಎಂಬರ್ಥದ ಒಂದು ಚೌಕವಿದೆ. ಅದಕ್ಕೆ ಟಿಕ್ ಬಿದ್ದಿದ್ದರೆ ನೀವು ಬರೆದ ಯಾವ ಅನುಮತಿಯೂ ಲೆಕ್ಕಕ್ಕಿಲ್ಲ. ಪ್ರಯಾಣದಲ್ಲಿ ಅದು ಒಳ್ಳೆಯದು. ಅಂಗಡಿಗೆ ಮರಳಿದ ಮೇಲೆ ಟಿಕ್ ತೆಗೆಯಲು ಮರೆತವರು ಎರಡು ದಿನ ತಲೆ ಕೆರೆದುಕೊಳ್ಳುತ್ತಾರೆ.

ಎರಡು ಫೈರ್‌ವಾಲ್‌ಗಳ ಜಗಳವನ್ನೂ ನೋಡಿದ್ದೇನೆ. ಹೊಸ ಲ್ಯಾಪ್‌ಟಾಪಿನೊಂದಿಗೆ ಬಂದ ಉಚಿತ ಅವಧಿಯ ಭದ್ರತಾ ತಂತ್ರಾಂಶ ಅವಧಿ ಮುಗಿದ ಮೇಲೂ ತನ್ನ ಶೋಧಕವನ್ನು ನೆಟ್‌ವರ್ಕ್ ಪದರದಲ್ಲಿ ಬಿಟ್ಟಿರುತ್ತದೆ. ವಿಂಡೋಸ್ ಫೈರ್‌ವಾಲಿನ ಲಾಗ್ ಖಾಲಿ, ಆದರೂ ಸಂಪರ್ಕ ಬರುವುದಿಲ್ಲ ಎಂದರೆ ಇವರನ್ನು ನೆನೆಯಿರಿ. ಅದನ್ನು ತಯಾರಿಸಿದವರೇ ಕೊಡುವ ತೆಗೆದುಹಾಕುವ ಸಾಧನದಿಂದ ಬುಡಸಮೇತ ತೆಗೆಯುವುದೇ ದಾರಿ.

ಆಫ್ ಮಾಡಿಯೇ ನೋಡಬೇಕೆಂದಿದ್ದರೆ ಕರೆಯನ್ನು ಸ್ವೀಕರಿಸುವ ಯಂತ್ರದಲ್ಲಿ, ಆಗ ಚಾಲ್ತಿಯಲ್ಲಿರುವ ಒಂದೇ ಪ್ರೊಫೈಲಿಗೆ, ಎರಡು ನಿಮಿಷ ಆಫ್ ಮಾಡಿ, ಪರೀಕ್ಷಿಸಿ, ಅಲ್ಲೇ ಕುಳಿತು ಆನ್ ಮಾಡಿ. ಸರ್ವೀಸಸ್ ಪಟ್ಟಿಗೆ ಹೋಗಿ ಫೈರ್‌ವಾಲ್ ಸೇವೆಯನ್ನೇ ನಿಲ್ಲಿಸಬೇಡಿ. ಅದನ್ನು ನಿಲ್ಲಿಸುವುದಕ್ಕೆ ಮೈಕ್ರೋಸಾಫ್ಟ್ ಒಪ್ಪುವುದಿಲ್ಲ. ಸ್ಟಾರ್ಟ್ ಮೆನು ಕೈಕೊಡುವುದು, ಆ್ಯಪ್‌ಗಳು ಅಪ್‌ಡೇಟ್ ಆಗದಿರುವುದು, ಇಂಥ ಸಂಬಂಧವೇ ಇಲ್ಲದಂತೆ ಕಾಣುವ ರೋಗಗಳು ಅದರಿಂದ ಹುಟ್ಟುತ್ತವೆ.

ಅದರ ಕೆಲಸ ಯಾವುದು, ಯಾವುದಲ್ಲ

ಫೈರ್‌ವಾಲ್ ಏನು ಮಾಡಬೇಕು ಎಂದು ನನಗೆ ಮನದಟ್ಟಾದದ್ದು 2003ರ ಆಗಸ್ಟ್‌ನಲ್ಲಿ. ಆಗ ಊರಿನ ಹೆಸರು ಗುಲಬರ್ಗಾ, ನಾನು ಸೂಪರ್ ಮಾರ್ಕೆಟ್ ಹತ್ತಿರದ ಸೈಬರ್ ಕೆಫೆಯಲ್ಲಿ ಹುಡುಗ. ಫೋನ್ ತಂತಿಗೆ ನೇರವಾಗಿ ಜೋಡಿಸಿದ್ದ ವಿಂಡೋಸ್ ಎಕ್ಸ್‌ಪಿ ಯಂತ್ರದಲ್ಲಿ ಇದ್ದಕ್ಕಿದ್ದಂತೆ ಪೆಟ್ಟಿಗೆಯೊಂದು ಬಂದು ಅರವತ್ತರಿಂದ ಕೆಳಗೆ ಎಣಿಸತೊಡಗಿತು. ಸೊನ್ನೆಗೆ ಬಂದಾಗ ಯಂತ್ರ ಆರಿ ತಾನೇ ಮತ್ತೆ ಶುರುವಾಯಿತು. ಇಂಟರ್‌ನೆಟ್‌ಗೆ ಜೋಡಿಸಿದರೆ ಮತ್ತೆ ಅರವತ್ತು. ಬ್ಲಾಸ್ಟರ್ ಎಂಬ ಹುಳು ಅದು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. 135ನೇ ಪೋರ್ಟ್ ತೆರೆದಿದ್ದರೆ ಸಾಕು, ತಾನೇ ಒಳಗೆ ಬರುತ್ತಿತ್ತು. ಆ ದೋಷ ಮುಚ್ಚುವ ತೇಪೆಯನ್ನು (ಪ್ಯಾಚ್) ಮೈಕ್ರೋಸಾಫ್ಟ್ ಜುಲೈನಲ್ಲೇ ಬಿಟ್ಟಿತ್ತು, ಆದರೆ ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಹಚ್ಚಿದರೆ ಹುಳು ಬರುತ್ತದೆ. ಶಟ್‌ಡೌನ್ ಮೈನಸ್ ಎ ಎಂದು ಕೊಟ್ಟು ಎಣಿಕೆ ನಿಲ್ಲಿಸಿ, ಎಕ್ಸ್‌ಪಿಯೊಳಗೆ ಆಫ್ ಆಗಿಯೇ ಮಲಗಿದ್ದ ಫೈರ್‌ವಾಲನ್ನು ಎಬ್ಬಿಸಿ, ಆಮೇಲೆ ತೇಪೆ ಇಳಿಸಿದೆವು. ಮರುವರ್ಷ ಆಗಸ್ಟ್‌ನಲ್ಲಿ ಬಂದ ಸರ್ವೀಸ್ ಪ್ಯಾಕ್ 2 ಆ ಫೈರ್‌ವಾಲನ್ನು ಮೊದಲೇ ಆನ್ ಮಾಡಿ ಕೊಟ್ಟಿತು. 2017ರ ಮೇ ತಿಂಗಳ ವನ್ನಾಕ್ರೈ ಹುಳು 445ರ ಮೂಲಕ ಹರಡಿದ್ದೂ ಇದೇ ಬಗೆಯಲ್ಲಿ. ಅದಕ್ಕೂ ತೇಪೆ ಎರಡು ತಿಂಗಳ ಮೊದಲೇ ಬಂದಿತ್ತು.

ಕರೆಯದವನನ್ನು ಒಳಗೆ ಬಿಡದಿರುವುದು, ಯಾರಿಗೆ ಬಾಗಿಲು ತೆರೆದಿದೆ ಎಂದು ಕೇಳಿದಾಗ ಪಟ್ಟಿ ತೋರಿಸುವುದು, ಊರು ಬದಲಾದಾಗ ಬಿಗಿಯಾಗುವುದು, ಬಿಟ್ಟದ್ದನ್ನೂ ತಡೆದದ್ದನ್ನೂ ಲಾಗ್‌ನಲ್ಲಿ ಬರೆಯುವುದು, ಉಳಿದಂತೆ ಬಾಯಿ ಮುಚ್ಚಿಕೊಂಡಿರುವುದು. ಇಷ್ಟನ್ನು ಮಾಡುವ ಫೈರ್‌ವಾಲ್ ವಿಂಡೋಸ್‌ನಲ್ಲಿ ಪುಕ್ಕಟೆಯಾಗಿ ಇದೆ.

ಬಾಯಿ ಮುಚ್ಚಿಕೊಂಡಿರುವುದು ಎಂದೆ. ಕೆಫೆಯ ದಿನಗಳಲ್ಲಿ “ನಿಮ್ಮ ಮೇಲೆ ದಾಳಿ! ತಡೆದಿದ್ದೇವೆ!” ಎಂದು ಗಂಟೆಗೆ ಮೂವತ್ತು ಸಲ ಕೆಂಪು ಪೆಟ್ಟಿಗೆ ತೋರಿಸುವ ಫೈರ್‌ವಾಲ್‌ಗಳಿದ್ದವು. ಲಾಗ್ ನೋಡಿದರೆ ಪಕ್ಕದ ಟೇಬಲ್ಲಿನ ಯಂತ್ರ ತನ್ನ ಹೆಸರು ಕೂಗಿರುತ್ತಿತ್ತು, ಅಷ್ಟೇ. ಹಣ ಕೊಟ್ಟವನಿಗೆ ಕೆಲಸ ನಡೆಯುತ್ತಿದೆ ಎಂದು ತೋರಿಸುವ ನಾಟಕ ಅದು. ಹೊರಹೋಗುವ ಪ್ರತಿಯೊಂದಕ್ಕೂ “ಬಿಡಲೇ?” ಎಂದು ಕೇಳುವವೂ ಅದೇ ಕುಲದವು. ಇಪ್ಪತ್ತು ಸಲ ಕೇಳಿಸಿಕೊಂಡವನು ಇಪ್ಪತ್ತೊಂದನೆಯ ಸಲ ಓದದೆ ಹೌದು ಒತ್ತುತ್ತಾನೆ. ನಿಮ್ಮ ಖಾತೆಯಲ್ಲೇ ಓಡುವ ಕೆಟ್ಟ ಪ್ರೋಗ್ರಾಂ ಬ್ರೌಸರ್ ವೇಷದಲ್ಲಿ ಹೊರಹೋಗಬಲ್ಲದು. ಅಡ್ಮಿನ್ ಅಧಿಕಾರ ಸಿಕ್ಕಿದ್ದರೆ ಫೈರ್‌ವಾಲಿನಲ್ಲಿ ತನಗೆ ಬೇಕಾದ ನಿಯಮವನ್ನು ತಾನೇ ಬರೆದುಕೊಳ್ಳುತ್ತದೆ. ಹೊರಹರಿವಿನ ನಿಯಮ ಉಪಯೋಗವಾಗುವ ಒಂದು ಜಾಗ ಗೊತ್ತು: ಇಂಟರ್‌ನೆಟ್ ಬೇಕಿಲ್ಲದ ಯಂತ್ರ. ಮಿಲ್ಲಿನ ಕಾಂಟಾಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರ್ ಓಣಿ ಬಿಟ್ಟು ಹೊರಗೆ ಹೋಗಬಾರದು ಎಂದು ಬರೆದರೆ ಅದು ಕೆಲಸಕ್ಕೆ ಬರುತ್ತದೆ.

“ನಿಮ್ಮನ್ನು ಅದೃಶ್ಯ ಮಾಡುತ್ತೇವೆ” ಎಂಬ ಜಾಹೀರಾತಿಗೂ ಮರುಳಾಗಬೇಡಿ. ನಿಜವಾಗಿ ಇಲ್ಲದ ವಿಳಾಸವನ್ನು ಕೇಳಿದರೆ ಅದರ ಮುಂದಿನ ರೌಟರ್ “ಅಂಥವರು ಇಲ್ಲಿಲ್ಲ” ಎಂದು ಹೇಳಬೇಕು. ಅದೂ ಬಾರದೆ ಬರೀ ಮೌನವಿದ್ದರೆ ಅಲ್ಲಿ ಯಾರೋ ಉಸಿರು ಬಿಗಿಹಿಡಿದು ಕುಳಿತಿದ್ದಾರೆ ಎಂದು ತಿಳಿದವನಿಗೆ ತಿಳಿಯುತ್ತದೆ.

ಅದೃಶ್ಯರಾಗುವ ಆಸೆಯಿಂದ ಐಸಿಎಂಪಿಯನ್ನು, ಅಂದರೆ ಯಂತ್ರಗಳು ಒಂದಕ್ಕೊಂದು ಸೂಚನೆ ಕೊಡುವ ಸಂದೇಶಗಳನ್ನು, ಪೂರ್ತಿ ಮುಚ್ಚುವವರಿದ್ದಾರೆ. ಪಿಂಗ್ ಮಾತ್ರ ಐಸಿಎಂಪಿ ಎಂದು ತಿಳಿದ ತಪ್ಪು ಇದು. “ಈ ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ ಕಳುಹಿಸು” ಎಂಬ ಸೂಚನೆ ಬರುವುದೂ ಅದರಲ್ಲೇ. ಅದು ಬಾರದಿದ್ದರೆ ಲಕ್ಷಣ ವಿಚಿತ್ರ: ಲಾಗಿನ್ ಪುಟ ತೆರೆಯುತ್ತದೆ, ದೊಡ್ಡ ಕಡತ ಏರಿಸುವಾಗ ನಿಂತುಬಿಡುತ್ತದೆ. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಪಿಪಿಪಿಒಇ ಪದ್ಧತಿಯ ಸಂಪರ್ಕಗಳಲ್ಲಿ ಒಂದು ಪ್ಯಾಕೆಟ್ಟಿನ ಮಿತಿ ಸಾಮಾನ್ಯವಾಗಿ 1500ರ ಬದಲು 1492 ಬೈಟ್. ಪಿಂಗ್ ಆದೇಶಕ್ಕೆ ಒಡೆಯಬೇಡ ಎನ್ನುವ ಮೈನಸ್ ಎಫ್, ಗಾತ್ರ ಹೇಳುವ ಮೈನಸ್ ಎಲ್ ಸೇರಿಸಿ 1464 ಕೊಡಿ, ಆಮೇಲೆ 1472 ಕೊಡಿ. ಮೊದಲನೆಯದು ಹೋಗಿ ಎರಡನೆಯದು ಹೋಗದಿದ್ದರೆ ಮಿತಿ 1492. ವ್ಯತ್ಯಾಸದ 28 ಬೈಟ್ ಪ್ಯಾಕೆಟ್ಟಿನ ಮೇಲೆ ವಿಳಾಸ ಮುಂತಾದವನ್ನು ಬರೆಯುವ ತಲೆಬರಹಗಳದ್ದು. ಹೊಸ ವಿಳಾಸ ಪದ್ಧತಿಯಾದ ಐಪಿವಿ6ನಲ್ಲಂತೂ ನೆರೆಯವರನ್ನು ಗುರುತಿಸುವುದೇ ಐಸಿಎಂಪಿಯಿಂದ. ಮುಚ್ಚಿದರೆ ಸಂಪರ್ಕವೇ ಇಲ್ಲ.

“ರೌಟರ್ ಇದೆಯಲ್ಲ, ಕಂಪ್ಯೂಟರಿನಲ್ಲಿ ಮತ್ತೆ ಯಾಕೆ?” ಎಂದು ಸಾಹುಕಾರರು ಕೇಳಿದರು. ನ್ಯಾಯವಾದ ಪ್ರಶ್ನೆ. 192.168ರಂಥ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ನಲ್ಲಿ ರೌಟರಿನ ಹಿಂದೆ ಇರುವವರನ್ನು ಹೊರಗಿನವರು ನೇರವಾಗಿ ಮುಟ್ಟುವುದು ಕಷ್ಟ. ರೌಟರಿಗೇ 100.64ರಿಂದ 100.127ರವರೆಗಿನ ವಿಳಾಸ ಬಂದಿದ್ದರೆ ಅದೂ ಸಂಪರ್ಕ ಕೊಡುವವರ ಇನ್ನೊಂದು ರೌಟರಿನ ಹಿಂದೆ ಕುಳಿತಿದೆ. ಆದರೆ ಐಪಿವಿ6ನಲ್ಲಿ ಪ್ರತಿ ಯಂತ್ರಕ್ಕೂ ಹೊರಗಿನಿಂದ ಗುರುತಿಸಬಹುದಾದ ಸ್ವಂತ ವಿಳಾಸವಿರುತ್ತದೆ. ಅಲ್ಲದೆ ಅವರ ವೈಫೈ ಪಾಸ್‌ವರ್ಡ್ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು. ಬರುವ ಲಾರಿ ಚಾಲಕರೆಲ್ಲ ಅದೇ ಓಣಿಯವರಾಗುತ್ತಿದ್ದರು.

ಮನೆಯಿಂದ ಲೆಕ್ಕ ನೋಡಲು ರೌಟರಿನಲ್ಲಿ 3389, ಅಂದರೆ ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್, ತೆರೆದುಕೊಡಿ ಎಂದೂ ಕೇಳಿದರು. ಕೊಡಲಿಲ್ಲ. ಇಡೀ ಜಗತ್ತಿಗೆ ತೆರೆದ ಆ ಪೋರ್ಟನ್ನು ತಟ್ಟುವವರು ಹಗಲುರಾತ್ರಿ ಇರುತ್ತಾರೆ.

ಇನ್ನು, ಕೆವೈಸಿ ಹೆಸರಿನಲ್ಲಿ ಫೋನ್ ಮಾಡಿ ಪರದೆ ಹಂಚುವ ಆ್ಯಪ್ ಹಾಕಿಸುವವರನ್ನು ಫೈರ್‌ವಾಲ್ ತಡೆಯುವುದಿಲ್ಲ. ಆ ಸಂಪರ್ಕ ನಮ್ಮ ಯಂತ್ರದಿಂದಲೇ ಹೊರಡುತ್ತದೆ, ನಮ್ಮ ಬೆರಳೇ ಒಪ್ಪಿಗೆ ಕೊಟ್ಟಿರುತ್ತದೆ. ಪೆನ್‌ಡ್ರೈವಿನಲ್ಲಿ ಬಂದದ್ದಕ್ಕೂ, ಮೇಲ್‌ನಲ್ಲಿ ಬಂದ “ಬಾಕಿ ಬಿಲ್”ಗೂ ಅದು ಜವಾಬ್ದಾರನಲ್ಲ.

ಹೊರಡುವ ಮುಂಚೆ ಗೋಡೆಯ ಪಾಸ್‌ವರ್ಡ್ ಅಳಿಸಿ ಬದಲಿಸಿದೆ, ಲಾರಿಯವರಿಗೆ ಗೆಸ್ಟ್ ವೈಫೈ ಮಾಡಿಕೊಟ್ಟೆ. ಮುನೀಮರ ಯಂತ್ರದ ಫೈರ್‌ವಾಲ್ ಕಿಟಕಿಯಲ್ಲಿ ಎಕ್ಸ್‌ಪೋರ್ಟ್ ಪಾಲಿಸಿ ಒತ್ತಿ ನಿಯಮಗಳನ್ನೆಲ್ಲ ಒಂದು ಕಡತದಲ್ಲಿ ಇಳಿಸಿ ಪೆನ್‌ಡ್ರೈವಿಗೆ ಹಾಕಿದೆ. ಅದನ್ನು ಇಂಪೋರ್ಟ್ ಮಾಡಿದರೆ ಆ ಹೊತ್ತಿಗೆ ಯಂತ್ರದಲ್ಲಿರುವ ನಿಯಮಗಳೆಲ್ಲ ಅಳಿಸಿಹೋಗಿ ಈ ಹಳೆಯವು ಬಂದು ಕೂರುತ್ತವೆ ಎಂದು ಮುನೀಮರಿಗೆ ಎರಡು ಸಲ ಹೇಳಿದೆ. ಅವರು ಪೆನ್‌ಡ್ರೈವನ್ನು ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, “ಕೇಳದೆ ಹಚ್ಚಬಾರದು” ಎಂದು ಅದರ ಕೆಳಗೆ ಸೇರಿಸಿ ತಿಜೋರಿಯಲ್ಲಿಟ್ಟರು.